ಒಂದೇ ರಕ್ತ, ಎರಡು ಟೈಟರ್

ನಮ್ಮ ಹಾಸನದ ಕಡೆ ಬಸುರಿಗೆ ನೆಗೆಟಿವ್ ಗ್ರೂಪ್ ಅಂತ ಗೊತ್ತಾದ ಕೂಡಲೇ ಮನೆಯವರು ಕೇಳುವುದು, "ಇಂಜೆಕ್ಷನ್ ಯಾವಾಗ?" ಮಗುವಿನ ರಕ್ತದ ವಿರುದ್ಧ ತಾಯಿಯಲ್ಲಿ ಆಂಟಿಬಾಡಿ ಹುಟ್ಟದಂತೆ ತಡೆಯುವ ಆಂಟಿ-ಡಿ ಇಂಜೆಕ್ಷನ್ ವಿಷಯ ಈಗ ಹಳ್ಳಿಯಲ್ಲೂ ಗೊತ್ತು. ಒಳ್ಳೆಯದೇ. ಆದರೆ ಅದಕ್ಕೂ ಮೊದಲು ಮಾಡಿಸುವ ಐಸಿಟಿ (ಇನ್‌ಡೈರೆಕ್ಟ್ ಕೂಂಬ್ಸ್ ಟೆಸ್ಟ್) ರಿಪೋರ್ಟನ್ನು ಯಾರೂ ಸರಿಯಾಗಿ ನೋಡುವುದಿಲ್ಲ. ತಾಯಿಯ ರಕ್ತದಲ್ಲಿ ಮಗುವಿನ ರಕ್ತಕಣಗಳ ವಿರುದ್ಧ ಆಂಟಿಬಾಡಿ ಹುಟ್ಟಿದೆಯಾ ಅಂತ ಹೇಳುವುದೇ ಅದು. ಹುಟ್ಟಿಬಿಟ್ಟಿದ್ದರೆ ಆಮೇಲೆ ಇಂಜೆಕ್ಷನ್ ಕೊಟ್ಟೂ ಉಪಯೋಗ ಇಲ್ಲ.

ಆಲೂರಿನಲ್ಲಿರುವ ನನ್ನ ತಮ್ಮನ ಹೆಂಡತಿಗೆ ಎರಡನೇ ಬಸಿರಿನಲ್ಲಿ ಐಸಿಟಿ ಪಾಸಿಟಿವ್ ಬಂತು. ಒಂದು ಲ್ಯಾಬಿನಲ್ಲಿ ಟೈಟರ್, ಅಂದರೆ ಆಂಟಿಬಾಡಿ ಎಷ್ಟಿದೆ ಅನ್ನುವ ಅಳತೆ, 1:4. ಮುಂದಿನ ಸಲ ಬೇರೆ ಲ್ಯಾಬಿಗೆ ಹೋದರು, 1:16. "ಅಣ್ಣಾ, ನಾಲ್ಕು ಪಟ್ಟಾಗಿದೆ" ಅಂತ ತಮ್ಮನ ಫೋನು. ಎರಡೂ ರಿಪೋರ್ಟ್ ವಾಟ್ಸಾಪ್‌ನಲ್ಲಿ ತರಿಸಿ ನೋಡಿದೆ. ಎರಡನೆಯದು ಜೆಲ್ ಕಾರ್ಡ್ ವಿಧಾನ, ಮೂಲೆಯಲ್ಲಿ ಸಣ್ಣಕ್ಷರದಲ್ಲಿತ್ತು. ಮೊದಲನೆಯದರಲ್ಲಿ ವಿಧಾನವೇ ಇಲ್ಲ. ಕೇಳಿಸಿದಾಗ ಟ್ಯೂಬ್, ಅಂದರೆ ಗಾಜಿನ ನಳಿಕೆಯಲ್ಲಿ ಮಾಡುವ ವಿಧಾನ ಅಂದರು.

ಟೈಟರ್ ಅಂದರೆ ರಕ್ತದ ಸೀರಮ್ಮನ್ನು ಅರ್ಧರ್ಧ ತೆಳುಮಾಡುತ್ತಾ ಹೋಗುವುದು. ಎಷ್ಟನೇ ಟ್ಯೂಬಿನವರೆಗೆ ಕಣಗಳು ಗಂಟುಕಟ್ಟುತ್ತವೆ ಅನ್ನುವುದೇ ಲೆಕ್ಕ. 1:4 ಇದ್ದದ್ದು 1:8 ಆದರೆ ಅದು ಒಂದೇ ಟ್ಯೂಬಿನ ವ್ಯತ್ಯಾಸ, ಕೈಬದಲಾದರೂ ಬರಬಹುದು. ಜೆಲ್‌ನಲ್ಲಿ ಟ್ಯೂಬಿಗಿಂತ ಒಂದೆರಡು ಮೆಟ್ಟಿಲು ಜಾಸ್ತಿ ತೋರಿಸುವುದು ಸಾಮಾನ್ಯ. ಡಾಕ್ಟ್ರು ಮತ್ತೆ ಮೊದಲ ಲ್ಯಾಬಿಗೇ ಕಳಿಸಿದರು. 1:4 ಬಂತು. ಮಗುವಿನ ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನೂ ಮಾಡಿಸಿದರು, ಏನೂ ತೊಂದರೆ ಇರಲಿಲ್ಲ.

ನಾನಿರುವ ಇಂಗ್ಲೆಂಡಿನಲ್ಲಿ ಈ ಗೊಂದಲ ಕಡಿಮೆ. ತಾಯಿಯ ರಕ್ತದಲ್ಲಿರುವ ಆಂಟಿ-ಡಿ ಆಂಟಿಬಾಡಿಯನ್ನು ಟೈಟರ್ ಬದಲು ಯೂನಿಟ್‌ನಲ್ಲಿ ಅಳೆಯುತ್ತಾರೆ. ಮಿಲಿಲೀಟರಿಗೆ 4ಕ್ಕಿಂತ ಕಡಿಮೆಯಿದ್ದರೆ ಮಗುವಿಗೆ ಅಪಾಯ ಕಮ್ಮಿ ಅಂತ ಲೆಕ್ಕ. ಆಂಟಿಬಾಡಿ ಇದ್ದವರಿಗೆ 28 ವಾರದವರೆಗೆ ತಿಂಗಳಿಗೊಮ್ಮೆ, ಆಮೇಲೆ ಹದಿನೈದು ದಿನಕ್ಕೊಮ್ಮೆ ಪರೀಕ್ಷೆ. ಹಿಂದಿನ ಸ್ಯಾಂಪಲನ್ನು ಎತ್ತಿಟ್ಟು ಹೊಸದರ ಜೊತೆಗೇ ನೋಡುತ್ತಾರೆ. ಇಂಜೆಕ್ಷನ್ ಯಾವಾಗ ಕೊಟ್ಟದ್ದು ಅಂತಲೂ ಕೇಳುತ್ತಾರೆ. ಯಾಕೆಂದರೆ ಆಂಟಿ-ಡಿ ಇಂಜೆಕ್ಷನ್ ಕೊಟ್ಟಮೇಲೆ ಕೆಲವು ವಾರ ಐಸಿಟಿ ಪಾಸಿಟಿವ್ ಬರಬಹುದು, ಅದು ಇಂಜೆಕ್ಷನ್ನಿನದೇ ಆಂಟಿಬಾಡಿ. ಅದಕ್ಕೇ 28ನೇ ವಾರದಲ್ಲಿ ಮೊದಲು ರಕ್ತ, ಆಮೇಲೆ ಸೂಜಿ.

ಹಾಗಂತ ಇಲ್ಲಿಯದೆಲ್ಲ ಚೆನ್ನ ಅಂತಲ್ಲ. ಇಲ್ಲಿ ನಂಬರ್ ಎಷ್ಟು ಅಂತ ಕೇಳಿದರೆ ಮಿಡ್‌ವೈಫ್ "ಎಲ್ಲ ಸರಿಯಿದೆ" ಅಂತ ನಗುತ್ತಾರೆ, ಅಷ್ಟೇ. ಹಾಸನದಲ್ಲಿ ಸಂಜೆಯೊಳಗೆ ರಿಪೋರ್ಟ್ ಕೈಯಲ್ಲಿ. ಕೌಂಟರಿನ ಹುಡುಗನನ್ನು ನಿಲ್ಲಿಸಿ ಕೇಳಬಹುದು. ಆ ಅನುಕೂಲವನ್ನೇ ಬಳಸಿಕೊಳ್ಳಿ. ಯಾವ ವಿಧಾನ ಅಂತ ಬರೆಸಿಕೊಳ್ಳಿ, ಪ್ರತಿಸಲ ಅದೇ ಲ್ಯಾಬಿಗೆ ಹೋಗಿ. ನೂರಿನ್ನೂರು ರೂಪಾಯಿ ಉಳಿಯುತ್ತೆ ಅಂತ ಲ್ಯಾಬ್ ಬದಲಿಸಬೇಡಿ.

ಇಂಗ್ಲೆಂಡಿನಲ್ಲಿ ಪಾಸಿಟಿವ್ ಗ್ರೂಪಿನವರಿಗೂ ಆಂಟಿಬಾಡಿ ನೋಡುತ್ತಾರೆ. ರಕ್ತಕಣಗಳ ಮೇಲಿನ ಗುರುತು ಡಿ ಒಂದೇ ಅಲ್ಲ, ಸಣ್ಣ ಸಿ (c), ಕೆಲ್ (K) ಅಂತ ಬೇರೆಯವೂ ಇವೆ, ಅವುಗಳ ವಿರುದ್ಧದ ಆಂಟಿಬಾಡಿಗಳೂ ಮಗುವಿಗೆ ತೊಂದರೆ ಕೊಡುತ್ತವೆ. ನಮ್ಮಲ್ಲಿ ಕೈಯಿಂದ ದುಡ್ಡು ಕೊಟ್ಟು ಮಾಡಿಸುವವರಿಗೆ ಎಲ್ಲರೂ ಮಾಡಿಸಿ ಅನ್ನುವುದು ಕಷ್ಟ. ಆದರೆ ಹಿಂದೆ ರಕ್ತ ಹಾಕಿಸಿಕೊಂಡವರು, ಮೊದಲ ಮಗುವಿಗೆ ಹುಟ್ಟಿದ ದಿನವೇ ಜಾಂಡೀಸ್ ಕಂಡವರು "ಪಾಸಿಟಿವ್ ತಾನೇ" ಅಂತ ಬಿಡದೆ ಡಾಕ್ಟ್ರ ಹತ್ತಿರ ಒಂದು ಮಾತು ಕೇಳಲಿ.