ಏಷ್ಯಾದ ಎರಡನೇ ಅತಿ ದೊಡ್ಡ ಲೇಖನ

ಕೆರೆ ಉತ್ಸವದ ಸ್ಮರಣ ಸಂಚಿಕೆಗೆ ಊರಿನ ಪರಿಚಯ ಬರೆದುಕೊಡಿ ಎಂದು ಸಮಿತಿಯ ಕಾರ್ಯದರ್ಶಿ ಕೇಳಿದಾಗ ಒಪ್ಪಿಕೊಂಡದ್ದು ನನ್ನದೇ ತಪ್ಪು. ಊರು ಯಾವುದೆಂದು ಹೇಳುವುದಿಲ್ಲ, ಹೇಳುವ ಅಗತ್ಯವೂ ಇಲ್ಲ. ಒಂದು ಕೆರೆ, ಏರಿಯ ಮೇಲೊಂದು ರಸ್ತೆ, ತುದಿಯಲ್ಲಿ ಕೆರೆಕೋಡಮ್ಮನ ಗುಡಿ, ಗುಡಿಯಿಂದ ನಾಲ್ಕು ಹೆಜ್ಜೆಗೆ ಕೋಳಿ ಅಂಗಡಿ, ಅಂಗಡಿಯ ಪುಕ್ಕವೆಲ್ಲ ಹಿಂದುಗಡೆ ನೀರಿನಲ್ಲಿ. ಇಂಥ ಊರು ನಿಮ್ಮ ತಾಲ್ಲೂಕಿನಲ್ಲೂ ನಾಲ್ಕು ಸಿಗುತ್ತವೆ.

ಲೇಖನ ಹೇಗಿರಬೇಕೆಂದು ತಿಳಿಸಲು ಸಮಿತಿಯವರು ಒಂದು ಹಾಳೆಯನ್ನೂ ಕಳಿಸಿದ್ದರು. ನನಗೆ ತೊಂದರೆಯಾಗದಿರಲಿ ಎಂದು ಮೊದಲ ಸಾಲನ್ನು ಅವರೇ ಬರೆದಿದ್ದರು: 'ಏಷ್ಯಾ ಖಂಡದಲ್ಲೇ ಎರಡನೇ ಅತಿ ದೊಡ್ಡ ಕೆರೆ ಎಂಬ ಹೆಗ್ಗಳಿಕೆಗೆ ಪಾತ್ರವಾಗಿರುವ...'

ಈ ಎರಡನೇ ಸ್ಥಾನದ್ದು ನನಗೆ ಹಳೆಯ ಕುತೂಹಲ. ಚನ್ನಗಿರಿಯ ಸೂಳೆಕೆರೆಯ ಬಗ್ಗೆ ಬಂದ ಯಾವ ಲೇಖನವನ್ನೇ ತೆಗೆಯಿರಿ, ಅದು ಏಷ್ಯಾದಲ್ಲಿ ಎರಡನೆಯದು. ರಾಜಸ್ಥಾನದ ಜೈಸಮಂದ್ ಸರೋವರಕ್ಕೂ ಅಲ್ಲಿಯವರು ಅದೇ ಪಟ್ಟ ಕಟ್ಟಿದ್ದಾರೆ. ಸಖರಾಯಪಟ್ಟಣದ ಅಯ್ಯನಕೆರೆಯವರು ಸಂಕೋಚದ ಜನ, ರಾಜ್ಯಕ್ಕೆ ಎರಡನೆಯದು ಎಂದು ಹೇಳಿ ಸುಮ್ಮನಾಗುತ್ತಾರೆ. ಮೊದಲನೆಯದು ಯಾವುದು ಎಂದು ಯಾರಾದರೂ ಹೇಳಿದ್ದನ್ನು ಈ ಕಿವಿಗಳು ಕೇಳಿಲ್ಲ. ಬಹಳ ಯೋಚಿಸಿದ ಮೇಲೆ ಗುಟ್ಟು ಹೊಳೆಯಿತು. ಮೊದಲನೆಯದು ಎಂದರೆ ಯಾರಾದರೂ ಸರಪಳಿ ಹಿಡಿದು ಅಳೆಯಲು ಬಂದಾರು. ಅಳತೆ ಎಂದರೆ ಯಾರದೋ ಅಡಿಕೆ ತೋಟದ ನಡುವೆ ಹದ್ದುಬಸ್ತಿನ ಕಲ್ಲು ನೆಡುವುದು. ಎರಡನೆಯದನ್ನು ಅಳೆಯಲು ಯಾರೂ ಬರುವುದಿಲ್ಲ. ಕೆರೆಯೂ ದೊಡ್ಡದಾಗಿರುತ್ತದೆ, ತೋಟವೂ ದೊಡ್ಡದಾಗುತ್ತ ಹೋಗುತ್ತದೆ.

ಸೂಳೆಕೆರೆಯ ಹೆಸರು ಎತ್ತಿದ್ದರಿಂದ ಇನ್ನೊಂದು ವಿಷಯ ಹೇಳಿಯೇ ಮುಂದೆ ಹೋಗುತ್ತೇನೆ, ಸಮಿತಿಯವರು ಕ್ಷಮಿಸಬೇಕು. ಕಥೆ ನಿಮಗೆ ಗೊತ್ತಿರುವುದೇ. ರಾಜನ ಮಗಳು ಶಾಂತವ್ವೆ ಕೆರೆ ಕಟ್ಟಿಸಲು ಹೊರಟಾಗ ಬೇಕಾದ ಜಾಗ ಸೂಳೆಯರ ಕೇರಿಯದ್ದಾಗಿತ್ತು. ಅವರು ಮನೆಮಠ ಬಿಟ್ಟುಕೊಟ್ಟರು. ಬದಲಿಗೆ ಹಣ ಕೇಳಲಿಲ್ಲ, ಬದಲಿ ನಿವೇಶನ ಕೇಳಲಿಲ್ಲ, ಮನೆಗೊಂದು ನೌಕರಿ ಕೇಳಲಿಲ್ಲ. ಕೆರೆಗೆ ನಮ್ಮ ಹೆಸರಿರಲಿ ಎಂದರು, ಅಷ್ಟೇ. ಕರ್ನಾಟಕದ ಭೂಸ್ವಾಧೀನದ ಇತಿಹಾಸದಲ್ಲಿ ಇದಕ್ಕಿಂತ ಅಗ್ಗದ ಪರಿಹಾರ ಇನ್ನೊಂದಿರಲಾರದು. ಅದನ್ನೂ ನಾವು ಉಳಿಸಿಕೊಡಲಿಲ್ಲ. ಮರ್ಯಾದಸ್ಥರ ನಾಲಿಗೆಗೆ ಮುಜುಗರವಾಗಿ ಅದು ಶಾಂತಿಸಾಗರವಾಯಿತು. ಚಿತ್ರದುರ್ಗಕ್ಕೆ ಕುಡಿಯುವ ನೀರು ಅಲ್ಲಿಂದಲೇ ಹೋಗುತ್ತದೆ. ನೀರು ಕುಡಿಯಲು ಸಂಕೋಚವಿಲ್ಲ, ಹೆಸರು ಹೇಳಲು ಸಂಕೋಚ. ಅಲ್ಲಿನ ಎರಡು ತೂಬುಗಳಿಗೆ ಸಿದ್ಧ, ಬಸವ ಎಂದು ಹೆಸರು; ಅವು ಗಂಡು ಹೆಸರುಗಳಾದ್ದರಿಂದಲೋ ಏನೋ ಯಾರೂ ತಿದ್ದಲು ಹೋಗಿಲ್ಲ.

ಹೆಸರಿನ ವಿಷಯದಲ್ಲಿ ನಮ್ಮ ಹಿರಿಯರೇನೂ ಕಡಿಮೆ ಉತ್ಪ್ರೇಕ್ಷೆಯ ಜನರಾಗಿರಲಿಲ್ಲ ಅನ್ನಿ. ಕಟ್ಟಿದ್ದು ಕೆರೆ, ಕರೆದದ್ದು ಸಮುದ್ರ, ಸಾಗರ, ಅಂಬುಧಿ. ಹೊಯ್ಸಳರ ರಾಜಧಾನಿಯೇ ದೋರಸಮುದ್ರ. ಆದರೆ ಸಮುದ್ರ ಎಂದು ಕರೆದ ಮೇಲೆ ಅದಕ್ಕೆ ತಕ್ಕ ವ್ಯವಸ್ಥೆಯನ್ನೂ ಮಾಡುತ್ತಿದ್ದರು. ಕೆರೆ ನೋಡಿಕೊಳ್ಳುವವರಿಗೆ ಬಿತ್ತುವಟ್ಟ, ಕಟ್ಟುಕೊಡಗೆ ಎಂದು ಭೂಮಿ ಬಿಟ್ಟು ಕಲ್ಲಿನಲ್ಲಿ ಕೆತ್ತಿಸಿದರು. ಇದನ್ನು ಅಳಿದವನು ಗಂಗೆಯ ತಡಿಯಲ್ಲಿ ಕವಿಲೆ ಹಸುವನ್ನು ಕೊಂದ ಪಾಪಕ್ಕೆ ಹೋಗುವನು ಎಂದು ಕೊನೆಯಲ್ಲಿ ಶಾಪವನ್ನೂ ಹಾಕಿದರು. ನಮ್ಮ ಏರಿಯ ಮೇಲೂ ಅಂಥದ್ದೊಂದು ಕಲ್ಲಿತ್ತು. ಈಗ ಅದು ಮಕಾಡೆ ಮಲಗಿದೆ, ಬಟ್ಟೆ ಒಗೆಯಲು ಬಹಳ ಅನುಕೂಲ. ಶಾಪ ನೆಲಕ್ಕೆ ಮುಖ ಮಾಡಿರುವುದರಿಂದ ಕೆರೆಯಂಗಳದಲ್ಲಿ ಬಡಾವಣೆ ಮಾಡಿದವರೆಲ್ಲ ಆರೋಗ್ಯವಾಗಿದ್ದಾರೆ. ಅವರ ಹುಟ್ಟುಹಬ್ಬದ ಫ್ಲೆಕ್ಸುಗಳು ಏರಿಯುದ್ದಕ್ಕೂ ಇವೆ.

ಹಾಳೆಯ ಎರಡನೇ ಸೂಚನೆ 'ಅಭಿವೃದ್ಧಿ ಪರ್ವ'. ಧಾರಾಳವಾಗಿ ಬರೆಯಬಹುದು. ಏರಿಯ ಮೇಲೆ ಬಣ್ಣದ ಟೈಲ್ಸ್ ಹಾಸಿದ ನಡಿಗೆ ಪಥ ಬಂದಿದೆ. ಊರಿನ ಹೆಸರನ್ನು ಪ್ರೀತಿಸುತ್ತೇನೆಂದು ಇಂಗ್ಲಿಷಿನಲ್ಲಿ ಸಾರುವ ಆಳೆತ್ತರದ ದೀಪದ ಅಕ್ಷರಗಳು ಬಂದಿವೆ. ಬಾತುಕೋಳಿ ಆಕಾರದ ಎರಡು ದೋಣಿಗಳು ಬಂದಿವೆ. ಬೇಸಿಗೆಯಲ್ಲಿ ಅವು ಕೆಸರಿನಲ್ಲಿ ಕುತ್ತಿಗೆ ಚಾಚಿಕೊಂಡು ಮಳೆಗೆ ಕಾಯುತ್ತವೆ. ಸುತ್ತ ತಂತಿಬೇಲಿ ಹಾಕಿರುವುದರಿಂದ ದನಗಳು ನೀರಿಗಿಳಿದು ಕೆರೆಯನ್ನು ಮಲಿನಗೊಳಿಸುವ ಪಿಡುಗು ತಪ್ಪಿದೆ. ಊರಿನ ಚರಂಡಿಗೆ ಮಾತ್ರ ಬೇಲಿ ಅಡ್ಡ ಬರುವುದಿಲ್ಲ, ಅದು ಕೆಳಗಿನಿಂದ ಸಾಗುತ್ತದೆ. ನೀರು ತರುತ್ತಿದ್ದ ಹಳ್ಳ ಎಲ್ಲಿ ಎಂದು ಕೇಳಬೇಡಿ. ಅದರ ಮೇಲೊಂದು ಕಲ್ಯಾಣ ಮಂಟಪವಿದೆ, ಎಸಿ ಇದೆ.

ಹೋದ ಮುಂಗಾರಿನಲ್ಲಿ ಪವಾಡವೋ ಎಂಬಂತೆ ಕೆರೆ ಕೋಡಿ ಬಿತ್ತು. ಬಾಗಿನ ಅರ್ಪಿಸುವ ಕಾರ್ಯಕ್ರಮಕ್ಕೆ ನಾನೂ ಹೋಗಿದ್ದೆ. ಮೊರದ ಬಾಗಿನಗಳನ್ನು ಒದ್ದೆಯಾಗದಿರಲೆಂದು ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದರು. ನೀರಿಗೆ ಬಿಡುವ ವಸ್ತು ಒದ್ದೆಯಾಗಬಾರದೆಂಬ ಈ ಮುಂಜಾಗ್ರತೆ ನನಗೆ ಬಹಳ ಹಿಡಿಸಿತು. ಗಣ್ಯರು ಎಸೆದರು, ಫೋಟೋ ತೆಗೆದದ್ದಾಯಿತು, ಕಾರುಗಳು ಹೊರಟವು. ಬಾಗಿನ ಮುಳುಗಲಿಲ್ಲ, ಅಂತರಗಂಗೆಯ ದಪ್ಪ ಹಾಸಿನ ಮೇಲೆ ಹಾಗೇ ಕುಳಿತಿತ್ತು. ಒಳಗಿನ ಬಳೆ, ರವಿಕೆ ಕಣ, ಕುಂಕುಮದ ಪೊಟ್ಟಣ ಎಲ್ಲವೂ ಅಂಗಡಿಯ ಗಾಜಿನೊಳಗಿಂದ ಕಾಣುವಂತೆ ಕಾಣುತ್ತಿದ್ದವು. ಆಮೇಲೆ ಇಬ್ಬರು ಹುಡುಗರು ಚಡ್ಡಿಯಲ್ಲೇ ಇಳಿದು, ಕಳೆಯನ್ನು ಕೈಯಿಂದ ಸರಿಸುತ್ತ ಹೋಗಿ, ತೆಂಗಿನಕಾಯಿಗಳನ್ನು ಎತ್ತಿಕೊಂಡು ಬಂದರು. ಇಡೀ ದಿನ ಆ ಕೆರೆಯ ನೀರನ್ನು ಮುಟ್ಟಿದವರು ಅವರಿಬ್ಬರೇ.

ಸರ್ಕಾರವನ್ನು ಹೊಗಳದಿದ್ದರೆ ಸಂಚಿಕೆಗೆ ಶೋಭೆಯಿಲ್ಲ. 2014ರ ಕಾಯ್ದೆಯಿಂದ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಹುಟ್ಟಿತು, 2018ರಲ್ಲಿ ಅದನ್ನು ರದ್ದು ಮಾಡಿ ಕೆರೆಗಳನ್ನು ಇನ್ನೊಂದು ಪ್ರಾಧಿಕಾರಕ್ಕೆ ಒಪ್ಪಿಸಿದರು. ಇಂಗ್ಲಿಷಿನಲ್ಲಿ ಮೊದಲನೆಯದು ಲೇಕ್, ಎರಡನೆಯದು ಟ್ಯಾಂಕ್. ಕನ್ನಡದಲ್ಲಿ ಎರಡೂ ಕೆರೆಯೇ ಆದ್ದರಿಂದ ಏನು ಬದಲಾಯಿತೆಂದು ನಮ್ಮ ಕೆರೆಗೆ ಇನ್ನೂ ತಿಳಿದಿಲ್ಲ.

ಕೊನೆಯ ಸೂಚನೆ 'ಜನಜೀವನ'. ಗಣ್ಯರ ಪಟ್ಟಿ ಲಗತ್ತಿಸಿದ್ದರು, ಎಲ್ಲರ ಭಾವಚಿತ್ರಗಳೂ ಇದ್ದವು. ನೀರುಗಂಟಿಯ ಹೆಸರು ಅದರಲ್ಲಿರಲಿಲ್ಲ. ತೂಬು ಎಷ್ಟು ಎತ್ತಿದರೆ ಅಚ್ಚುಕಟ್ಟಿನ ಕೊನೆಯ ಗದ್ದೆಗೆ ಎಷ್ಟು ಹೊತ್ತಿಗೆ ನೀರು ಮುಟ್ಟುತ್ತದೆ ಎಂದು ಬಾಯಲ್ಲೇ ಲೆಕ್ಕ ಹೇಳುತ್ತಿದ್ದ ಮುದುಕ. ಸುಗ್ಗಿಯಲ್ಲಿ ಕಣದ ಮೇಲೆ ಅವನ ಪಾಲಿನ ಭತ್ತ ಅಳೆದು ಕೊಡುತ್ತಿದ್ದರು. ಈಗ ತೂಬಿನ ಬಾಯಿ ಹೂಳಿನಲ್ಲಿ ಹೂತಿದೆ, ಭತ್ತ ಬೆಳೆಯುವವರಿಲ್ಲ, ಅವನ ಮೊಮ್ಮಗ ನಡಿಗೆ ಪಥದ ಕಾವಲುಗಾರ.

ಹೂಳು ಎಂದಾಗ ನೆನಪಾಯಿತು. ಹಿಂದೆ ರೈತರು ಬೇಸಿಗೆಯಲ್ಲಿ ಬಂಡಿ ಕಟ್ಟಿಕೊಂಡು ಬಂದು ಮೇಲಿನ ಗೋಡುಮಣ್ಣನ್ನು ಸಮನಾಗಿ ಕೆರೆದು ಹೊಲಕ್ಕೆ ಒಯ್ಯುತ್ತಿದ್ದರು. ಈಗ ರಾತ್ರಿ ಜೆಸಿಬಿ ಬರುತ್ತದೆ, ಒಂದೇ ಕಡೆ ಎರಡಾಳು ಆಳ ತೋಡಿ ಇಟ್ಟಿಗೆಗೂ ಬಡಾವಣೆಗೂ ಮಣ್ಣು ಸಾಗಿಸುತ್ತದೆ. ಮಳೆ ಬಂದ ಮೇಲೆ ಗುಂಡಿ ಕಾಣುವುದಿಲ್ಲ. ಮೊಣಕಾಲುದ್ದ ನೀರು ಎಂದುಕೊಂಡು ಹುಡುಗರು ಇಳಿಯುತ್ತಾರೆ. ಮರುದಿನ ಪತ್ರಿಕೆಯ ಒಳಪುಟದಲ್ಲಿ ಎರಡು ಸಣ್ಣ ಫೋಟೋ. ಪ್ರತಿವರ್ಷ, ಒಂದಲ್ಲ ಒಂದು ತಾಲ್ಲೂಕಿನಿಂದ ಇದೇ ಸುದ್ದಿ. ಟೈಲ್ಸಿಗೆ ದುಡ್ಡಿದೆ, ಬಾತುಕೋಳಿಗೆ ದುಡ್ಡಿದೆ, ಗುಂಡಿ ಮುಚ್ಚಲು ಯಾರ ಬಳಿಯೂ ಇಲ್ಲ. ಇದನ್ನು ತಮಾಷೆಯಾಗಿ ಬರೆಯುವುದು ಹೇಗೆಂದು ನನಗೆ ತಿಳಿಯಲಿಲ್ಲ. ಇದ್ದದ್ದನ್ನು ಇದ್ದ ಹಾಗೇ ಬರೆದು ಕಳಿಸಿದೆ.

ಮೂರನೇ ದಿನ ಕಾರ್ಯದರ್ಶಿಯ ಫೋನ್ ಬಂತು.

'ಮೇಷ್ಟ್ರೇ, ಲೇಖನ ಬಹಳ ಚೆನ್ನಾಗಿದೆ. ಒಂದೆರಡು ಸಣ್ಣ ತಿದ್ದುಪಡಿ. ಏಷ್ಯಾದಲ್ಲಿ ಎರಡನೆಯದು ಎಂದು ಪಕ್ಕದ ತಾಲ್ಲೂಕಿನವರೂ ಹಾಕಿಬಿಟ್ಟಿದ್ದಾರೆ. ನಾವು ಮೂರನೆಯದು ಎನ್ನೋಣ, ಆಗ ನಂಬುತ್ತಾರೆ.'

'ಆಗಲಪ್ಪಾ. ಇನ್ನೊಂದು?'

'ಆ ಗುಂಡಿಯ ಭಾಗವನ್ನು ತೆಗೆಯಬೇಕಾಯಿತು, ಬೇಸರ ಮಾಡಿಕೊಳ್ಳಬೇಡಿ. ಅಲ್ಲಿಗೊಂದು ಜಾಹೀರಾತು ಬಂದಿದೆ.'

'ಯಾರದು?'

'ಇಟ್ಟಿಗೆ ಭಟ್ಟಿಯವರದು. ಪೂರ್ತಿ ಪುಟ, ಬಣ್ಣದ್ದು.'