ಅವ್ವನನ್ನು ಲಕ್ಷದ್ವೀಪಕ್ಕೆ ಕರೆದುಕೊಂಡು ಹೋಗಬೇಕಾ?

ಪರ: ಅಕ್ಕ, ಮಂಡ್ಯದಿಂದ

ಹೋದ ತಿಂಗಳು ಮದ್ದೂರಿನಲ್ಲಿ ಎಳನೀರಿಗೆ ಅಂತ ಕಾರು ನಿಲ್ಲಿಸಿದ್ದೆವು. ಅವ್ವ ಗಂಜಿಯನ್ನು ಸಿಪ್ಪೆಯ ಚೂರಿನಿಂದ ಕೆರೆದು ತಿನ್ನುತ್ತಾ ಕೇಳಿದಳು: "ಸಮುದ್ರದ ನಡುಮಧ್ಯನೂ ತೆಂಗು ಬೆಳೀತದಂತಲ್ಲ, ಅದರ ನೀರು ಉಪ್ಪಾಗಲ್ವಾ?" ಟೀವಿಯಲ್ಲಿ ಲಕ್ಷದ್ವೀಪ ನೋಡಿದ್ದಳಂತೆ. 68 ವರ್ಷದ ಅವ್ವ ಸಮುದ್ರ ಕಂಡಿರುವುದು ಒಂದೇ ಸಲ. ಅದೂ ಧರ್ಮಸ್ಥಳಕ್ಕೆ ಹೋದಾಗ, ಮಂಗಳೂರಿನಲ್ಲಿ ಅರ್ಧ ಗಂಟೆ. ಈ ಯುಗಾದಿ ಕಳೆದ ಮೇಲೆ, ಮಕ್ಕಳ ಏಪ್ರಿಲ್ ರಜೆಯಲ್ಲಿ, ಅವಳನ್ನು ಅಲ್ಲಿಗೇ ಕರೆದುಕೊಂಡು ಹೋಗಬೇಕು ಅಂತ ಅವತ್ತೇ ನಿರ್ಧಾರ ಮಾಡಿದೆ.

ಆ ದ್ವೀಪಗಳು ನಮಗೆ ತೀರಾ ಹೊರಗಿನವೂ ಅಲ್ಲ. 1780ರ ದಶಕದಲ್ಲಿ ಅಲ್ಲಿನ ಅಮಿನಿ ದ್ವೀಪದ ಕಡೆಯ ಜನ ಕಣ್ಣೂರಿನ ಅರಕ್ಕಲ್ ಮನೆತನದ ಆಳ್ವಿಕೆಗೆ ಬೇಸತ್ತು ಮಂಗಳೂರಿಗೆ ಬಂದು ಟಿಪ್ಪುವಿನ ಆಡಳಿತ ಒಪ್ಪಿಕೊಂಡರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅವೂ ಬ್ರಿಟಿಷರ ಪಾಲಾದವು. ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಅಮಿನಿ ಕಡೆಯ ಆ ದ್ವೀಪಗಳು ಕೇಂದ್ರಾಡಳಿತಕ್ಕೆ ಹೋಗಿದ್ದು 1956ರ ನವೆಂಬರ್ 1ಕ್ಕೆ, ನಮ್ಮ ರಾಜ್ಯ ಒಂದಾದ ದಿನವೇ. ನಮ್ಮೂರ ಕೋಟೆ ಪಕ್ಕದಲ್ಲಿ ದಿನಾ ಓಡಾಡುವ ನಮಗೇ ಇದು ಗೊತ್ತಿಲ್ಲವಲ್ಲ. ಮಕ್ಕಳಾದರೂ ತಿಳಿದುಕೊಳ್ಳಲಿ.

ಪ್ರಯಾಣ ಕಷ್ಟವೇನಲ್ಲ. ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಂಡೀಪುರದ ಗೇಟು ಮುಚ್ಚಿರುತ್ತದೆ, ಹಾಗಾಗಿ ಬೆಳಗ್ಗೆ ಗುಂಡ್ಲುಪೇಟೆ ದಾಟಿ ಕೊಚ್ಚಿಗೆ ಹೊರಡೋಣ. ಅಲ್ಲಿಂದ ಹಡಗಿನಲ್ಲಿ 14ರಿಂದ 18 ಗಂಟೆ. ಪರ್ಮಿಟ್ ಬೇಕು, ಆ ಓಡಾಟ ನನಗಿರಲಿ. ಪ್ಯಾಕೇಜ್ ತೆಗೆದುಕೊಂಡರೆ ಹಗಲು ದ್ವೀಪದಲ್ಲಿ, ರಾತ್ರಿ ಹಡಗಿನಲ್ಲೇ ಮಲಗುವುದು. ಮಿನಿಕಾಯ್ ದ್ವೀಪದಲ್ಲಿ 1885ರ ದೀಪಸ್ತಂಭ ಇದೆ, ಮಕ್ಕಳಿಗೆ ಅದು ಸಾಕು.

ಅವ್ವನಿಗೆ ಲಗೂನ್ ತೋರಿಸಬೇಕು. ಸುತ್ತ ಹವಳದ ದಿಬ್ಬ ಏರಿ ಹಾಕಿದ ಹಾಗೆ ನಿಂತು ಅಲೆಯನ್ನು ಹೊರಗೇ ತಡೆಯುತ್ತದೆ. ಒಳಗೆ ಕೆರೆಯ ಹಾಗೆ ಸಮಾಧಾನದ ನೀರು. ಈಜು ಬಾರದವಳು ಸೀರೆ ಎತ್ತಿ ಕಟ್ಟಿ ಮೊಣಕಾಲುದ್ದ ನೀರಲ್ಲಿ ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು. ಮೂವತ್ತು ವರ್ಷ ಗದ್ದೆಯ ನೀರಲ್ಲಿ ಬಗ್ಗಿ ನಾಟಿ ಹಾಕಿದ ಕಾಲು ಅದು. ಒಂದ್ಸಲ ಸುಮ್ನೆ ನೀರಲ್ಲಿ ನಿಲ್ಲಲಿ. ಅಷ್ಟೇ ನನ್ನ ಆಸೆ, ತಮ್ಮಾ.

ವಿರೋಧ: ತಮ್ಮ, ಮೈಸೂರಿನಿಂದ

ಅಕ್ಕ, ನಿನ್ನ ಆಸೆ ನನಗೂ ಇದೆ. ಆದರೆ ಹಡಗಿನ ವಿಷಯದಲ್ಲಿ ನೀನು ಒಂದು ಮಾತು ಬಿಟ್ಟೆ. ಲಗೂನ್ ಆಳ ಇಲ್ಲ. ಹಾಗಾಗಿ ಬಹಳ ಕಡೆ ದೊಡ್ಡ ಹಡಗು ಒಳಗೆ ಹೋಗುವುದಿಲ್ಲ, ಹೊರಗೆ ಕಡಲಲ್ಲೇ ನಿಲ್ಲುತ್ತದೆ. ಅಲ್ಲಿ ಸಣ್ಣ ದೋಣಿಗೆ ಇಳಿಯಬೇಕು. ಹಡಗೂ ಅಲ್ಲಾಡುತ್ತಿರುತ್ತದೆ, ದೋಣಿಯೂ ಅಲ್ಲಾಡುತ್ತಿರುತ್ತದೆ. ರಂಗನತಿಟ್ಟಿನಲ್ಲಿ ಏನಾಯಿತು, ನೆನಪಿದೆಯಾ? ಅವ್ವನ ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ದೋಣಿಯಲ್ಲಿ. ದೋಣಿ ಒಂದು ಗೇಣು ಸರಿಯಿತು. ನನ್ನ ಮುಂಗೈ ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಅವಳ ಬಳೆಯ ಗುರುತು ಸಂಜೆವರೆಗೂ ಹೋಗಲಿಲ್ಲ. ಅದು ನಿಂತ ಹೊಳೆ. ಇದನ್ನು ಪ್ಯಾಕೇಜಿನ ಮೂರು ದ್ವೀಪದಲ್ಲಿ ಹತ್ತಿ ಇಳಿದು ಆರು ಸಲ ಮಾಡಬೇಕು. ವಿಮಾನದಲ್ಲಿ ಅಗತ್ತಿ ದ್ವೀಪಕ್ಕೆ ಹೋದರೂ ಬೇರೆ ದ್ವೀಪ ನೋಡಲು ಮತ್ತೆ ದೋಣಿಯೇ.

ನನ್ನನ್ನು ಇನ್ನೂ ಜಾಸ್ತಿ ಕಾಡುವುದು ನೀರು. 36 ದ್ವೀಪ ಎಲ್ಲಾ ಸೇರಿಸಿದರೂ 32 ಚದರ ಕಿಲೋಮೀಟರ್, ತುಂಬಿದ ಕೆ.ಆರ್.ಎಸ್.ನ ಕಾಲು ಭಾಗ. ಜನ ಇರುವುದು 10ರಲ್ಲಿ ಮಾತ್ರ. 2011ರ ಗಣತಿಯಲ್ಲಿ 64 ಸಾವಿರ ಜನ, ಮಂಡ್ಯ ಊರಿನ ಅರ್ಧದಷ್ಟು. ಅಲ್ಲಿ ಹೊಳೆಯಿಲ್ಲ. ಮಳೆ ನೀರು ಮರಳಲ್ಲಿ ಇಂಗಿ, ಕೆಳಗಿನ ಉಪ್ಪುನೀರಿನ ಮೇಲೆ ತೆಳ್ಳಗೆ ನಿಂತಿರುತ್ತದೆ. ಅವ್ವನ ಪ್ರಶ್ನೆಗೆ ಉತ್ತರವೂ ಅದೇ, ತೆಂಗು ಕುಡಿಯುವುದು ಆ ಸಿಹಿನೀರನ್ನೇ. ಬಾವಿಯಿಂದ ಜಾಸ್ತಿ ಎತ್ತಿದರೆ ಉಪ್ಪು ಮೇಲೆ ಬರುತ್ತದೆ. ಅದಕ್ಕೇ 2005ರಲ್ಲಿ ಕವರತ್ತಿ ದ್ವೀಪದಲ್ಲಿ ದಿನಕ್ಕೆ 1 ಲಕ್ಷ ಲೀಟರ್ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕ ಹಾಕಿದ್ದು. ನಾಲೆಗೆ ನೀರು ಬಿಡದ ವರ್ಷ ಅಪ್ಪ ಒಣಗಿದ ಕಬ್ಬಿನ ಮುಂದೆ ಕೂತಿದ್ದನ್ನು ನಾವಿಬ್ಬರೂ ನೋಡಿದ್ದೇವೆ. ನಾವು ಹೋಗಿ ಅವರ ಬಾವಿಯ ನೀರಲ್ಲಿ ಮೈಮೇಲಿನ ಉಪ್ಪು ತೊಳೆದುಕೊಂಡು ಬರುವುದಾ?

ಹವಳದ ಕಥೆಯೂ ಹೀಗೇ. 1998, 2010, 2016, ಮತ್ತೆ 2024ರಲ್ಲಿ ಸಮುದ್ರ ಬಿಸಿಯಾಗಿ ಅಲ್ಲಿ ಹವಳ ಬಿಳಚಿಕೊಂಡಿತು. ನೀನು ಹೇಳುವ ಬೇಸಿಗೆಯೇ ಅದಕ್ಕೆ ಕಷ್ಟದ ಕಾಲ. ಅಲೆ ತಡೆಯುವ ನಿನ್ನ ಏರಿ ಹವಳದ್ದೇ ಅಲ್ವಾ? ಅದು ಸತ್ತು ಸವೆದರೆ ದ್ವೀಪಕ್ಕೇ ಕಾವಲಿಲ್ಲ. ಅಂಥ ಹೊತ್ತಲ್ಲಿ ಜನ ಜಾಸ್ತಿ ಹೋಗುವುದು ನನಗೆ ಸರಿ ಕಾಣುವುದಿಲ್ಲ.

ಈ ಸಲ ಮಲ್ಪೆಗೆ ಹೋಗೋಣ. ಅಲ್ಲಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿಯಲ್ಲಿ ಅರ್ಧ ಗಂಟೆಯ ದಾರಿ. ಬೆಳಗ್ಗೆ ಹೋಗಿ ಮಧ್ಯಾಹ್ನ ಊಟಕ್ಕೆ ದಡಕ್ಕೆ ಬರಬಹುದು. ಸೀರೆ ಎತ್ತಿ ಕಟ್ಟಿ ನಿಲ್ಲಲು ಅಲ್ಲೂ ಸಮುದ್ರ ಇದೆ. ಅವ್ವ ಅಲ್ಲಿ ದೋಣಿಯಿಂದ ಸರಾಗವಾಗಿ ಇಳಿದರೆ, ಡಿಸೆಂಬರ್‌ಗೆ ನಿನ್ನ ಪರ್ಮಿಟ್ ಅರ್ಜಿಯನ್ನು ನಾನೇ ಕೂತು ತುಂಬುತ್ತೇನೆ.