ಸತ್ಯಾಂಶ: ಬ್ರಿಟಿಷರ ಕಾಲದ ರೂಪಾಯಿಗಳೆಲ್ಲ ಅಪ್ಪಟ ಬೆಳ್ಳಿಯಲ್ಲ
‘ಬೆಳ್ಳಿ ಮುಗಿಯುತ್ತಿದೆ, ಬ್ರಿಟಿಷರ ಕಾಲದ ರೂಪಾಯಿಗಳೆಲ್ಲ ಅಪ್ಪಟ ಬೆಳ್ಳಿ, ಸಿಕ್ಕಷ್ಟು ಕೊಳ್ಳಿ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. 2025ರ ಅಕ್ಟೋಬರ್‌ನಲ್ಲಿ, ದೀಪಾವಳಿಯ ಹೊತ್ತಿಗೆ, ಗಟ್ಟಿ ಬೆಳ್ಳಿಗೆ ಅಭಾವ ಉಂಟಾಗಿ ಕೆಲವು ಮ್ಯೂಚುವಲ್ ಫಂಡ್‌ಗಳು ಬೆಳ್ಳಿ ಯೋಜನೆಗಳಿಗೆ ಹೊಸ ಹಣ ಪಡೆಯುವುದನ್ನು ತಾತ್ಕಾಲಿಕವಾಗಿ ನಿಲ್ಲಿಸಿದ್ದು ನಿಜ. ಆದರೆ ಅದು ಪೂರೈಕೆಯ ಇಕ್ಕಟ್ಟೇ ಹೊರತು ಲೋಹ ಬರಿದಾದ ಲಕ್ಷಣವಲ್ಲ.

ನಾಣ್ಯದ ಮಾತಂತೂ ತಪ್ಪು. ವಿಕ್ಟೋರಿಯಾ ರಾಣಿಯ 11.66 ಗ್ರಾಂ ತೂಕದ ರೂಪಾಯಿಯಲ್ಲಿ ಶೇ 91.7ರಷ್ಟು, ಅಂದರೆ ಸುಮಾರು 10.7 ಗ್ರಾಂ ಬೆಳ್ಳಿಯಿದ್ದರೆ, ಯುದ್ಧದ ವರ್ಷಗಳಲ್ಲಿ, 1940ರಿಂದ 1945ರವರೆಗೆ, ಟಂಕಿಸಿದ ಆರನೇ ಜಾರ್ಜ್ ರೂಪಾಯಿಯಲ್ಲಿ, ತೂಕ ಅಷ್ಟೇ ಇದ್ದರೂ, ಬೆಳ್ಳಿ ಅರ್ಧಪಾಲು ಮಾತ್ರ. ಅದೇ ರಾಜನ ಮುಖವಿರುವ, ಹಿಂಬದಿಯಲ್ಲಿ ಹುಲಿಯಿರುವ 1947ರ ರೂಪಾಯಿ ನಿಕ್ಕಲ್‌ನದು. ಅಯಸ್ಕಾಂತ ಹಿಡಿದರೆ ಅಂಟಿಕೊಳ್ಳುತ್ತದೆ. ಹಾಗಾಗಿ ಕೊಳ್ಳುವವರು ಹೊಳಪಿಗಿಂತ ಮೊದಲು ಇಸವಿಯನ್ನು ನೋಡುವುದು ಲೇಸು.